ಮೊದಲು ಯಾವುದು, ಆಮೇಲೆ ಯಾವುದು: ದೂರದ ಫೋಲ್ಡರನ್ನು ಮೌಂಟ್ ಮಾಡುವಾಗ

ಕೊಡೈಕೆನಾಲ್‌ನ ಸೌರ ವೀಕ್ಷಣಾಲಯ 1899ರಲ್ಲಿ ಶುರುವಾಯಿತು. ದಿಂಡಿಗಲ್ ಜಿಲ್ಲೆಯ ಆ ಬೆಟ್ಟದ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಇಲ್ಲಿಯೇ. ಈ ವೀಕ್ಷಣಾಲಯವನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಚಿತ್ರಗಳಿದ್ದ ಹಳೆಯ ಫಲಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ, ಸಂಶೋಧಕರಿಗೆ ಅವು ದೊರೆಯುತ್ತವೆ. ಚಿತ್ರ ತೆಗೆದ ಜಾಗ ಒಂದು, ಫೈಲ್ ಕೂತ ಜಾಗ ಇನ್ನೊಂದು, ಕೂತು ನೋಡುವವರು ಇರುವ ಜಾಗ ಮತ್ತೊಂದು. ಈಗಿನ ಕೆಲಸಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ.

ಆ ಬೆಟ್ಟದ ತಪ್ಪಲಿನಾಚೆ ತೇನಿ ಜಿಲ್ಲೆ, ಕಂಬಂ ಕಣಿವೆ. ಅಲ್ಲಿ ಮನೆಮಾತು ಕನ್ನಡವಾಗಿರುವ ಕಾಪ್ಪಿಲಿಯರ ಕುಟುಂಬಗಳಿವೆ. ಮಧುರೆ, ತಿರುನೆಲ್ವೇಲಿ ಸೀಮೆಯ ಕನ್ನಡ ಮಾತಾಡುವ ಬೇಸಾಯಗಾರರು ಎಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಅವರ ಬಗ್ಗೆ ಬರೆದಿದ್ದಾನೆ. ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು, ಅಜ್ಜಿಯ ಜೊತೆ ಆಡುವುದು ಕನ್ನಡ. ಬರವಣಿಗೆಗೆ ಇಳಿಯದ ಅಂಥ ಮಾತನ್ನು ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು, ಹಾಗೆ ಇಟ್ಟದ್ದು ಅಳಿಯದಂತೆ ನೋಡಿಕೊಳ್ಳಬೇಕು ಎಂಬುದು ನನ್ನ ಬಲವಾದ ನಂಬಿಕೆ. ಅದಕ್ಕಾಗಿ ಈ ಲೇಖನದ ಮುಖ್ಯ ಉದಾಹರಣೆಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಒಬ್ಬ ಮೊಮ್ಮಗಳು ಊರಿನ ಹಿರಿಯರ ಹಾಡು, ಕತೆಗಳ ರೆಕಾರ್ಡಿಂಗುಗಳನ್ನು ತನ್ನ ಮನೆಯ ಚಿಕ್ಕ ಲಿನಕ್ಸ್ ಸರ್ವರಿನಲ್ಲಿ ಇಟ್ಟಿದ್ದಾಳೆ ಎಂದುಕೊಳ್ಳಿ. ಹಬ್ಬಕ್ಕೆ ಕಂಬಂಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅವನ್ನು ತೆರೆಯಬೇಕು. ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಳ್ಳುವ ಬದಲು, ಬೆಂಗಳೂರಿನ ಫೋಲ್ಡರ್ ತನ್ನ ಲ್ಯಾಪ್‌ಟಾಪಿನದೇ ಫೋಲ್ಡರ್ ಎನ್ನುವಂತೆ ಕಾಣಿಸುವ ಹಾಗೆ ಮಾಡಬಹುದು. ಇದಕ್ಕೇ ಮೌಂಟ್ ಮಾಡುವುದು ಎನ್ನುತ್ತಾರೆ.

ಮೌಂಟ್ ಮಾಡುವ ಕಮಾಂಡುಗಳು ಒಂದೊಂದು ಪುಸ್ತಕದಲ್ಲಿ ಒಂದೊಂದು ಕ್ರಮದಲ್ಲಿರುತ್ತವೆ. ಒಬ್ಬರು ಆಪ್ಷನ್ ಮೊದಲು ಬರೆಯುತ್ತಾರೆ, ಇನ್ನೊಬ್ಬರು ಕೊನೆಯಲ್ಲಿ. ಎರಡೂ ನಡೆಯುತ್ತವೆ, ಕೆಲವೊಮ್ಮೆ ಒಂದು ನಡೆಯುವುದಿಲ್ಲ. ಯಾವ ಕ್ರಮವನ್ನು ಸಡಿಲ ಮಾಡಬಹುದು, ಯಾವುದನ್ನು ಮುಟ್ಟಲೇಬಾರದು ಎಂದು ತಿಳಿದರೆ ಈ ಗೊಂದಲದ ಬಹುಪಾಲು ಕರಗುತ್ತದೆ. ಒಂದು ಸೂಚನೆ: ಇಲ್ಲಿ ಕಮಾಂಡುಗಳನ್ನು ಓದುವ ಉಚ್ಚಾರದಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕಕ್ಷರಗಳನ್ನು ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊಮ್ಮಗಳಿಗೆ ಒಪ್ಪುವ ಉಪಕರಣ ಎಸ್‌ಎಸ್‌ಎಚ್‌ಎಫ್‌ಎಸ್. ಹಂಗೇರಿಯ ಮಿಕ್ಲೋಶ್ ಸೆರೆದಿ ಬರೆದದ್ದು. ಅವರದೇ ಫ್ಯೂಸ್ ವ್ಯವಸ್ಥೆ 2005ರಲ್ಲಿ ಲಿನಕ್ಸ್ ಕರ್ನಲಿಗೆ ಸೇರಿತು, ಎಸ್‌ಎಸ್‌ಎಚ್‌ಎಫ್‌ಎಸ್ ಅದರ ಮೇಲೆ ನಿಂತಿದೆ. ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಬಂದರೆ ಸಾಕು, ಸರ್ವರಿನಲ್ಲಿ ಬೇರೇನನ್ನೂ ಹೊಸದಾಗಿ ಹೊಂದಿಸಬೇಕಿಲ್ಲ. ದಾರಿಯಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಹೋಗುವುದರಿಂದ ಇಂಟರ್ನೆಟ್ ಮೇಲೆ ಧೈರ್ಯವಾಗಿ ಬಳಸಬಹುದು. ಕಮಾಂಡ್ ಹೀಗಿರುತ್ತದೆ:

ಎಸ್‌ಎಸ್‌ಎಚ್‌ಎಫ್‌ಎಸ್ -ಪಿ 2222 -ಒ ಆರ್‌ಒ ಮೊಮ್ಮಗಳು@ಮನೆಸರ್ವರ್:ಹಾಡು /ಹೋಮ್/ಮೊಮ್ಮಗಳು/ಹಾಡು

ಇದರಲ್ಲಿ ಎರಡು ಜಾತಿಯ ಪದಗಳಿವೆ. ಅಡ್ಡಗೆರೆಯಿಂದ ಶುರುವಾಗುವವು ಆಪ್ಷನ್‌ಗಳು: ಪೋರ್ಟ್ ಸಂಖ್ಯೆ 2222, ಓದಲಷ್ಟೇ ಅನುಮತಿ ಎನ್ನುವ ಆರ್‌ಒ. ಉಳಿದ ಎರಡರಲ್ಲಿ ಮೊದಲನೆಯದು ಮೂಲ, ಅಂದರೆ ಫೈಲ್ ಎಲ್ಲಿದೆ ಎಂಬುದು. ಎರಡನೆಯದು ಗುರಿ, ಅಂದರೆ ಎಲ್ಲಿ ಕಾಣಿಸಬೇಕು ಎಂಬುದು. ಗುರಿಯ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು. ಎಸ್‌ಎಸ್‌ಎಚ್‌ಎಫ್‌ಎಸ್‌ನ ಕೈಪಿಡಿಯಲ್ಲಿ ಮಾತ್ರ ಮೂಲ, ಗುರಿ ಮೊದಲು ಬಂದು ಆಪ್ಷನ್‌ಗಳು ಕೊನೆಗೆ ಬರುತ್ತವೆ. ಮೇಲಿನಂತೆ ಮೊದಲಿಗೆ ಕೊಟ್ಟರೂ, ಕೊನೆಗೆ ಕೊಟ್ಟರೂ, ಮೂಲ ಮತ್ತು ಗುರಿಯ ನಡುವೆ ತುರುಕಿದರೂ ಫಲ ಒಂದೇ. ಫ್ಯೂಸ್‌ನ ಆಪ್ಷನ್ ಓದುವ ಭಾಗ ಸಾಲನ್ನೆಲ್ಲ ಸೋಸಿ ಆಪ್ಷನ್‌ಗಳನ್ನು ಬೇರೆ ಮಾಡಿಕೊಳ್ಳುತ್ತದೆ.

ಈ ಸಡಿಲಿಕೆಯ ಲಾಭ ಸಣ್ಣದಲ್ಲ. ಉದ್ದದ ಕಮಾಂಡ್ ಕೊಟ್ಟಿರಿ, ಆರ್‌ಒ ಮರೆತಿರಿ. ಆಗಿರುವ ಮೌಂಟನ್ನು ಬಿಚ್ಚಿ, ಮೇಲ್ಮುಖ ಬಾಣದ ಕೀಲಿ ಒತ್ತಿ ಅದೇ ಸಾಲನ್ನು ಮತ್ತೆ ಕರೆದು, ಕೊನೆಯಲ್ಲಿ ಬಿಟ್ಟುಹೋದ ಆಪ್ಷನ್ ಸೇರಿಸಿ ಎಂಟರ್ ಒತ್ತಿದರಾಯಿತು. ಕೈಯಲ್ಲಿ ಟೈಪ್ ಮಾಡುವವರಿಗೆ ಇದು ನಿಜವಾದ ಸೌಕರ್ಯ.

ಆದರೆ ಆಪ್ಷನ್ ಎಲ್ಲಿಗೆ ಹೋದರೂ ತನ್ನ ಬೆಲೆಯನ್ನು ಜೊತೆಯಲ್ಲೇ ಒಯ್ಯಬೇಕು. -ಪಿ ಆದ ಕೂಡಲೇ 2222 ಬರಬೇಕು. ಅವೆರಡರ ಮಧ್ಯೆ ಸರ್ವರಿನ ಹೆಸರು ನುಸುಳಿದರೆ ಅದನ್ನೇ ಪೋರ್ಟ್ ಸಂಖ್ಯೆ ಎಂದು ಓದಲು ಹೊರಡುತ್ತದೆ. ಇನ್ನೊಂದು: ಎಸ್‌ಎಸ್‌ಎಚ್ ಮತ್ತು ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಿ ಪೋರ್ಟಿಗೆ ಚಿಕ್ಕಕ್ಷರದ ಪಿ, ಫೈಲ್ ನಕಲಿಸುವ ಎಸ್‌ಸಿಪಿಯಲ್ಲಿ ದೊಡ್ಡಕ್ಷರದ ಪಿ. ಮೂರನ್ನೂ ಒಟ್ಟಿಗೆ ಬಳಸುವವರು ಇದನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಮೂಲ ಮತ್ತು ಗುರಿಯ ಕ್ರಮಕ್ಕೆ ಮಾತ್ರ ಯಾವ ಸಡಿಲಿಕೆಯೂ ಇಲ್ಲ. ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು 1895ರಿಂದ ಬೆಟ್ಟದೊಳಗಿನ ಸುರಂಗದ ಮೂಲಕ ಈಚೆಗೆ, ಕಂಬಂ ಕಣಿವೆಯ ಗದ್ದೆ ತೋಟಗಳಿಗೆ ಬರುತ್ತದೆ. ಮೊದಲು ಜಲಾಶಯ, ಆಮೇಲೆ ಗದ್ದೆ. ಮೌಂಟ್ ಕಮಾಂಡಿನಲ್ಲಿ ಬಲಗಡೆ ಇರುವುದು ಯಾವಾಗಲೂ ಗದ್ದೆ ಎಂದು ನೆನಪಿಟ್ಟರೆ ಸಾಕು. ಲಿನಕ್ಸಿನ ಮೌಂಟ್ ಕಮಾಂಡಿನಲ್ಲಿ ಇದನ್ನು ಹೆಸರಿಟ್ಟು ಹೇಳುವ ದಾರಿಯೂ ಇದೆ. --ಸೋರ್ಸ್ ಎಂದು ಬರೆದು ಮೂಲ ಕೊಡಿ, --ಟಾರ್ಗೆಟ್ ಎಂದು ಬರೆದು ಗುರಿ ಕೊಡಿ. ಆಗ ಯಾವುದು ಮೊದಲು ಬಂದರೂ ಆಗುತ್ತದೆ. ಇನ್ನೊಬ್ಬರು ಓದಬೇಕಾದ ಸ್ಕ್ರಿಪ್ಟಿನಲ್ಲಿ ಹೀಗೆ ಬರೆದರೆ ಅರ್ಥ ಸಾಲಿನಲ್ಲೇ ಕಾಣುತ್ತದೆ ಎನ್ನುವ ಕಾರಣಕ್ಕೆ ನನಗೆ ಇದು ಇಷ್ಟ.

ಆಪ್ಷನ್ ಎಲ್ಲಿ ಬೇಕಾದರೂ ಇರಬಹುದು ಎನ್ನುವುದು ಎಲ್ಲ ಕಂಪ್ಯೂಟರುಗಳ ನಿಯಮವಲ್ಲ. ಯೂನಿಕ್ಸ್ ವ್ಯವಸ್ಥೆಗಳಿಗೆ ಸಮಾನ ಮಾನದಂಡವಾದ ಪಾಸಿಕ್ಸ್‌ನಲ್ಲಿ ಕಮಾಂಡ್ ಹೇಗೆ ಬರೆಯಬೇಕು ಎಂಬ ಸೂತ್ರಗಳಿವೆ. ಒಂಬತ್ತನೆಯದು ಆಪ್ಷನ್‌ಗಳೆಲ್ಲ ಮೊದಲು ಬರಬೇಕು ಎನ್ನುತ್ತದೆ. ಹತ್ತನೆಯದರ ಪ್ರಕಾರ ಬರಿಯ ಎರಡು ಅಡ್ಡಗೆರೆ ಬಂದರೆ ಆಪ್ಷನ್‌ಗಳು ಅಲ್ಲಿಗೆ ಮುಗಿದವು ಎಂದರ್ಥ. ಆದರೆ ಲಿನಕ್ಸಿನ ಗ್ನೂ ಸಿ ಲೈಬ್ರರಿಯಲ್ಲಿರುವ ಗೆಟ್‌ಆಪ್ಟ್ ಎಂಬ ಭಾಗ ಉದಾರಿ. ಸಾಲಿನಲ್ಲಿ ಚದುರಿದ ಆಪ್ಷನ್‌ಗಳನ್ನು ತಾನೇ ಮುಂದಕ್ಕೆ ಎಳೆದು ಜೋಡಿಸಿಕೊಳ್ಳುತ್ತದೆ. ಮ್ಯಾಕ್ ಮತ್ತು ಬಿಎಸ್‌ಡಿ ಕುಟುಂಬದ ಗೆಟ್‌ಆಪ್ಟ್ ಹಾಗಲ್ಲ. ಅಡ್ಡಗೆರೆಯಿಲ್ಲದ ಮೊದಲ ಪದ ಕಂಡೊಡನೆ ಆಪ್ಷನ್ ಹುಡುಕುವುದನ್ನು ನಿಲ್ಲಿಸುತ್ತದೆ. ಕಂಟೇನರುಗಳಲ್ಲಿ ಹೆಚ್ಚಾಗಿ ಕಾಣುವ ಆಲ್ಪೈನ್ ಲಿನಕ್ಸಿನಲ್ಲಿರುವುದು ಮಸ್ಲ್ ಎಂಬ ಲೈಬ್ರರಿ. ಅದರ ಸಾದಾ ಗೆಟ್‌ಆಪ್ಟ್ ಕೂಡ ಹೀಗೆಯೇ ನಿಲ್ಲುತ್ತದೆ.

ಇದನ್ನು ನಿಮ್ಮ ಯಂತ್ರದಲ್ಲೇ, ಯಾವ ಅಪಾಯವೂ ಇಲ್ಲದೆ ನೋಡಬಹುದು. ಲಿನಕ್ಸಿನಲ್ಲಿ ಮೊದಲು ಇದನ್ನು ಕೊಡಿ:

ಎಲ್‌ಎಸ್ /ಟಿಎಂಪಿ -ಎಲ್

ಫೈಲುಗಳ ವಿವರವಾದ ಪಟ್ಟಿ ಬರುತ್ತದೆ. ಈಗ ಅದೇ ಸಾಲಿನ ಮುಂದೆ, ದೊಡ್ಡಕ್ಷರಗಳಲ್ಲಿ ಪಾಸಿಕ್ಸ್‌ಲಿ_ಕರೆಕ್ಟ್ ಎಂದು ಬರೆದು, ಸಮ ಚಿಹ್ನೆ ಹಾಕಿ 1 ಕೊಟ್ಟು, ಒಂದು ಖಾಲಿ ಜಾಗ ಬಿಟ್ಟು ಓಡಿಸಿ. -ಎಲ್ ಎಂಬ ಹೆಸರಿನ ಫೈಲ್ ಇಲ್ಲ ಎಂಬ ದೂರು ಬರುತ್ತದೆ. ಕಟ್ಟುನಿಟ್ಟಿನ ಯಂತ್ರದಲ್ಲಿ ನಿಮ್ಮ ಸ್ಕ್ರಿಪ್ಟ್ ಹೇಗೆ ನಡೆದುಕೊಂಡೀತು ಎಂಬ ಅಂದಾಜು ಇದರಿಂದ ಸಿಗುತ್ತದೆ. ಗೂಗಲ್ ಡ್ರೈವಿನಂಥ ಕ್ಲೌಡ್ ಜಾಗಗಳನ್ನು ಮೌಂಟ್ ಮಾಡಲು ಅನೇಕರು ಬಳಸುವ ಆರ್‌ಕ್ಲೋನ್ ಗೋ ಭಾಷೆಯಲ್ಲಿ ಬರೆದದ್ದು. ಅದು ಆಪ್ಷನ್‌ಗಳನ್ನು ಹಿಂದೆ ಮುಂದೆ ಎಲ್ಲಿದ್ದರೂ ಒಪ್ಪುತ್ತದೆ. ಆದರೆ ಗೋ ಭಾಷೆಯ ಜೊತೆಗೇ ಬರುವ ಫ್ಲ್ಯಾಗ್ ಪ್ಯಾಕೇಜು ಬಳಸಿದ ಬೇರೆ ಪ್ರೋಗ್ರಾಂಗಳು ಮೊದಲ ಸಾದಾ ಪದಕ್ಕೇ ನಿಂತುಬಿಡುತ್ತವೆ. ಉಪಕರಣದ ಉದಾರತೆ ಅದನ್ನು ಬರೆದವರು ಆರಿಸಿಕೊಂಡ ಲೈಬ್ರರಿಯದು.

ಆದ್ದರಿಂದ ನಾನು ಕೊಡುವ ಸಲಹೆ ಇದು. ಕೈಯಲ್ಲಿ ಟೈಪ್ ಮಾಡುವಾಗ ಹೇಗೆ ತೋಚುತ್ತದೋ ಹಾಗೆ ಬರೆಯಿರಿ. ಫೈಲಿನಲ್ಲಿ ಉಳಿಯುವ ಸಾಲು, ಅಂದರೆ ಸ್ಕ್ರಿಪ್ಟ್, ಕ್ರಾನ್, ಗೆಳೆಯರಿಗೆ ಕಳಿಸುವ ಟಿಪ್ಪಣಿ ಇವುಗಳಲ್ಲಿ ಆಪ್ಷನ್‌ಗಳು, ನಂತರ ಮೂಲ, ನಂತರ ಗುರಿ ಎಂಬ ಕ್ರಮವನ್ನೇ ಇಡಿ. ಸಡಿಲ ಯಂತ್ರ, ಬಿಗಿ ಯಂತ್ರ ಎರಡೂ ಅದನ್ನು ಒಪ್ಪುತ್ತವೆ. ಫೋಲ್ಡರಿನ ಹೆಸರೇ ಅಡ್ಡಗೆರೆಯಿಂದ ಶುರುವಾದರೆ ಮುಂದೆ ಚುಕ್ಕೆ ಮತ್ತು ಓರೆಗೆರೆ ಸೇರಿಸಿ, ಅದು ಆಪ್ಷನ್ ಅಲ್ಲ ಎಂದು ಸ್ಪಷ್ಟವಾಗುತ್ತದೆ.

ಕಮಾಂಡಿನೊಳಗೆ ಇನ್ನೊಂದು ಕಮಾಂಡ್ ಇದ್ದಾಗ ಇನ್ನಷ್ಟು ಎಚ್ಚರ ಬೇಕು. ಸುಡೊ, ಟೈಮ್‌ಔಟ್ ಇಂಥವು ಬೇರೆ ಕಮಾಂಡನ್ನು ಓಡಿಸಲೆಂದೇ ಇರುವವು. ಇವು ಲಿನಕ್ಸಿನಲ್ಲೂ ಮೊದಲ ಸಾದಾ ಪದಕ್ಕೇ ನಿಲ್ಲುತ್ತವೆ, ನಿಲ್ಲಲೇಬೇಕು. ಸುಡೊ ಮೌಂಟ್ ಎಂದು ಬರೆದ ಸಾಲಿನಲ್ಲಿ ಮೌಂಟ್ ಪದದ ಎಡಕ್ಕಿರುವ ಆಪ್ಷನ್ ಸುಡೊಗೆ ಸೇರಿದ್ದು, ಬಲಕ್ಕಿರುವುದು ಮೌಂಟ್‌ಗೆ ಸೇರಿದ್ದು. ಈ ಗಡಿ ದಾಟಿಸಿ ಆಪ್ಷನ್ ಇಟ್ಟರೆ ಅದು ಬೇರೆ ಪ್ರೋಗ್ರಾಂನ ಕೈಗೆ ಹೋಗುತ್ತದೆ.

ಒಂದೇ ಕಟ್ಟಡದೊಳಗಿನ ಹಂಚಿಕೆಗೆ ಎನ್‌ಎಫ್‌ಎಸ್ ವಾಡಿಕೆಯದು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಈ ಪದ್ಧತಿ ಇಂದಿಗೂ ಪ್ರಯೋಗಾಲಯಗಳ ಬೆನ್ನೆಲುಬು. ದಿಂಡಿಗಲ್ ಹತ್ತಿರದ ಗಾಂಧಿಗ್ರಾಮದಲ್ಲಿ ಭೌತಶಾಸ್ತ್ರ ಓದುವ ವಿದ್ಯಾರ್ಥಿಯೊಬ್ಬ ಕೊಡೈಕೆನಾಲಿನ ಸೂರ್ಯಚಿತ್ರಗಳನ್ನು ಲ್ಯಾಬಿನ ಸರ್ವರಿಗೆ ಇಳಿಸಿಕೊಂಡಿದ್ದಾನೆ ಎಂದುಕೊಳ್ಳೋಣ. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಅವನು ಬರೆಯಬೇಕಾದದ್ದು:

ಮೌಂಟ್ -ಟಿ ಎನ್‌ಎಫ್‌ಎಸ್ -ಒ ಆರ್‌ಒ ಲ್ಯಾಬ್‌ಸರ್ವರ್:/ಸೂರ್ಯ /ಎಂಎನ್‌ಟಿ/ಸೂರ್ಯ

ತೆರೆಯ ಹಿಂದೆ ನಡೆಯುವುದು ಕುತೂಹಲಕರ. ಮೌಂಟ್ ತಾನೇ ಎನ್‌ಎಫ್‌ಎಸ್ ಮಾತಾಡುವುದಿಲ್ಲ, ಮೌಂಟ್.ಎನ್‌ಎಫ್‌ಎಸ್ ಎಂಬ ಸಹಾಯಕ ಪ್ರೋಗ್ರಾಮನ್ನು ಕರೆಯುತ್ತದೆ. ಕರೆಯುವಾಗ ಮೂಲ, ಗುರಿ, ಆಮೇಲೆ ಆಪ್ಷನ್ ಎಂದು ಕ್ರಮ ಬದಲಿಸಿ ಕೊಡುತ್ತದೆ. ಸಹಾಯಕರ ಕೈಪಿಡಿಗಳಲ್ಲಿ ಆಪ್ಷನ್ ಕೊನೆಗೆ ಬರುವುದು ಇದಕ್ಕೇ. ಒಂದು ಪುಸ್ತಕದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಎಂದು ಕಾಣುವ ಗೊಂದಲಕ್ಕೆ ಇದು ಒಂದು ಕಾರಣ. ಸಹಾಯಕನನ್ನು ನೇರವಾಗಿ ಕರೆಯುವ ಅಗತ್ಯ ಬಿದ್ದರೆ ಅದರ ಕೈಪಿಡಿಯ ಕ್ರಮವನ್ನೇ ಪಾಲಿಸಿ.

ಇಲ್ಲಿಯವರೆಗಿನ ತಪ್ಪುಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಆಪ್ಷನ್ ತಪ್ಪಾದ ಜಾಗದಲ್ಲಿದ್ದರೆ ಸಾಮಾನ್ಯವಾಗಿ ಕಮಾಂಡ್ ಬೈದು ನಿಲ್ಲುತ್ತದೆ, ಮೌಂಟ್ ಆಗುವುದೇ ಇಲ್ಲ. ಸದ್ದಿಲ್ಲದೆ ಕೆಡಿಸುವ ತಪ್ಪು ಇರುವುದು -ಒ ಆದ ಮೇಲೆ ಅಲ್ಪವಿರಾಮ ಹಾಕಿ ಪೋಣಿಸುವ ಪಟ್ಟಿಯೊಳಗೆ. ಅಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತು ಬಂದರೆ ಕೊನೆಯ ಮಾತೇ ಗೆಲ್ಲುತ್ತದೆ. ಆರ್‌ಒ ಎಂದರೆ ಓದಲು ಮಾತ್ರ, ಆರ್‌ಡಬ್ಲ್ಯು ಎಂದರೆ ಓದಲೂ ಬರೆಯಲೂ. ಆರ್‌ಡಬ್ಲ್ಯು,ಆರ್‌ಒ ಎಂದು ಬರೆದರೆ ಹಾಡುಗಳು ಸುರಕ್ಷಿತ. ಆರ್‌ಒ,ಆರ್‌ಡಬ್ಲ್ಯು ಎಂದು ಬರೆದರೆ ಯಾರಾದರೂ ಆಕಸ್ಮಿಕವಾಗಿ ಅಳಿಸಬಹುದು. ಎರಡೂ ಯಾವ ದೂರೂ ಇಲ್ಲದೆ ಮೌಂಟ್ ಆಗುತ್ತವೆ.

ಎರಡನ್ನೂ ಒಂದೇ ಸಾಲಿನಲ್ಲಿ ಯಾರು ಬರೆಯುತ್ತಾರೆ ಎಂದು ಕೇಳಬಹುದು. ಬರೆಯುವವರು ನಾವಾಗಿರಬೇಕಿಲ್ಲ. ಮೌಂಟ್ ವಿವರಗಳನ್ನು ಕಾಯಂ ಆಗಿ ಇಡುವ ಎಫ್‌ಎಸ್‌ಟ್ಯಾಬ್ ಎಂಬ ಫೈಲಿದೆ. ಅದರಲ್ಲಿ ದಾಖಲಾದ ಜಾಗವನ್ನು ಮೂಲ ಅಥವಾ ಗುರಿ ಒಂದನ್ನೇ ಹೇಳಿ ಮೌಂಟ್ ಮಾಡಿದರೆ, ಮೊದಲು ಆ ಫೈಲಿನ ಆಪ್ಷನ್‌ಗಳು, ಅದರ ಬಾಲಕ್ಕೆ ನೀವು ಟೈಪ್ ಮಾಡಿದವು ಸೇರುತ್ತವೆ. ಹಾಗಾಗಿ ನಿಮ್ಮದು ಗೆಲ್ಲುತ್ತದೆ. ಮೂಲ ಮತ್ತು ಗುರಿ ಎರಡನ್ನೂ ಪೂರ್ತಿ ಬರೆದರೆ ಮೌಂಟ್ ಆ ಫೈಲನ್ನು ನೋಡುವುದೇ ಇಲ್ಲ. ಅಲ್ಲಿ ಆರ್‌ಒ ಎಂದು ಜೋಪಾನವಾಗಿ ಬರೆದಿಟ್ಟಿದ್ದರೂ ಅದು ಅನ್ವಯಿಸುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ, ಓದಲು ಮಾತ್ರ ತೆರೆದಿದೆ ಎಂದು ನಂಬಿಕೊಂಡವರು ಫೈಲು ಕಳೆದುಕೊಳ್ಳಬಹುದು.

ಇನ್ನೊಂದು ನಯವಾದ ಉದಾಹರಣೆ ಯೂಸರ್ ಎಂಬ ಆಪ್ಷನ್. ಸಾಮಾನ್ಯ ಬಳಕೆದಾರರೂ ಮೌಂಟ್ ಮಾಡಬಹುದು ಎಂದು ಅದು ಅನುಮತಿ ಕೊಡುತ್ತದೆ. ಜೊತೆಗೆ, ಹೇಳದೆಯೇ ನೋಎಕ್ಸೆಕ್, ನೋಸೂಯಿಡ್, ನೋಡೆವ್ ಎಂಬ ಮೂರು ನಿರ್ಬಂಧಗಳನ್ನು ತರುತ್ತದೆ. ನೋಎಕ್ಸೆಕ್ ಇದ್ದರೆ ಆ ಫೋಲ್ಡರಿನೊಳಗಿನ ಪ್ರೋಗ್ರಾಂ ಓಡುವುದಿಲ್ಲ. ಓಡಲೇಬೇಕಿದ್ದರೆ ಯೂಸರ್,ಎಕ್ಸೆಕ್ ಎಂದು ಬರೆಯಬೇಕು. ಎಕ್ಸೆಕ್,ಯೂಸರ್ ಎಂದು ತಿರುಗಿಸಿದರೆ ಹಿಂದೆ ಬಂದ ಯೂಸರ್ ತನ್ನ ನಿರ್ಬಂಧವನ್ನು ಮತ್ತೆ ಹೇರುತ್ತದೆ. ಪದಗಳು ಅವೇ, ಫಲ ಬೇರೆ.

ಅಲ್ಪವಿರಾಮದ ನಂತರ ಜಾಗ ಬಿಡುವುದು ಕನ್ನಡ ಬರೆಯುವ ನಮ್ಮ ಕೈಗೆ ಅಭ್ಯಾಸ. ಇಲ್ಲಿ ಬಿಡಬಾರದು. ಆರ್‌ಒ, ರಿಕನೆಕ್ಟ್ ಎಂದು ಜಾಗ ಬಿಟ್ಟರೆ ಶೆಲ್ ಅದನ್ನು ಎರಡು ಪದವಾಗಿ ಕತ್ತರಿಸುತ್ತದೆ, ರಿಕನೆಕ್ಟ್ ಎಂಬುದು ಮೂರನೆಯ ಜಾಗದ ಹೆಸರೋ ಎಂಬಂತೆ ಹೊರಗೆ ಬೀಳುತ್ತದೆ.

ವಿಂಡೋಸ್ ಹಂಚಿಕೆಗಳಿಗೆ ಲಿನಕ್ಸಿನಿಂದ ಕೈಹಾಕುವವರು ಬಳಸುವುದು ಸಿಐಎಫ್‌ಎಸ್. ಬೋಡಿನಾಯಕನೂರಿನ ಏಲಕ್ಕಿ ಮಂಡಿಯೊಂದರ ಲೆಕ್ಕಪತ್ರಗಳು ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿವೆ ಎಂದರೆ ದಾರಿ ಇದೇ. ಕ್ರಮದ ಮಾತು ಎನ್‌ಎಫ್‌ಎಸ್‌ನಂತೆಯೇ. ಆದರೆ ಪಾಸ್‌ವರ್ಡನ್ನು -ಒ ಪಟ್ಟಿಯಲ್ಲಿ ಬರೆಯಬೇಡಿ. ಅದರಲ್ಲಿ ಅಲ್ಪವಿರಾಮವಿದ್ದರೆ ಪಟ್ಟಿ ಅಲ್ಲೇ ತುಂಡಾಗುತ್ತದೆ. ಶೆಲ್ಲಿನ ಇತಿಹಾಸದಲ್ಲಿ ಉಳಿದು ಇತರರ ಕಣ್ಣಿಗೂ ಬೀಳಬಹುದು. ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಬೇರೆ ಫೈಲಿನಲ್ಲಿ ಬರೆದು, ಅದಕ್ಕೆ 600 ಅನುಮತಿ ಕೊಟ್ಟು, ಕ್ರೆಡೆನ್ಷಿಯಲ್ಸ್ ಆಪ್ಷನ್‌ನಲ್ಲಿ ಆ ಫೈಲಿನ ವಿಳಾಸ ತೋರಿಸಿ.

ಕಮಾಂಡಿನ ಸಡಿಲಿಕೆಗೆ ಪೂರ್ತಿ ವಿರುದ್ಧ ಎಫ್‌ಎಸ್‌ಟ್ಯಾಬ್. ಅಲ್ಲಿ ಸಾಲಿಗೆ ಆರು ಕಂಬಗಳು: ಮೂಲ, ಗುರಿ, ಬಗೆ, ಆಪ್ಷನ್ ಪಟ್ಟಿ, ಕೊನೆಗೆ ಎರಡು ಅಂಕಿಗಳು, ಜಾಲದ ಫೋಲ್ಡರಿಗೆ ಸಾಮಾನ್ಯವಾಗಿ 0 ಮತ್ತು 0. ಕಂಬ ಅದಲುಬದಲು ಮಾಡುವಂತಿಲ್ಲ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ, ಉದಾಹರಣೆಗೆ ಅಜ್ಜಿ ಹಾಡು ಎಂಬ ಫೋಲ್ಡರ್, ಆ ಜಾಗದಲ್ಲಿ ಹಿಂಓರೆಗೆರೆ ಹಾಕಿ 040 ಬರೆಯಬೇಕು, ಇಲ್ಲವಾದರೆ ಹಾಡು ಎಂಬುದು ಮುಂದಿನ ಕಂಬವಾಗುತ್ತದೆ. ಜಾಲ ಬಂದ ಮೇಲೆಯೇ ಮೌಂಟ್ ಮಾಡು ಎನ್ನಲು _ನೆಟ್‌ಡೆವ್, ಸಿಗದಿದ್ದರೂ ಕಂಪ್ಯೂಟರ್ ಶುರುವಾಗಲಿ ಎನ್ನಲು ನೋಫೇಲ್ ಸೇರಿಸಿ. ತಿದ್ದಿದ ಮೇಲೆ ರೀಬೂಟ್ ಮಾಡುವ ಮುನ್ನ ಫೈಂಡ್‌ಎಂಎನ್‌ಟಿ --ವೆರಿಫೈ ಓಡಿಸಿ. ಸಾಲುಗಳಲ್ಲಿನ ತಪ್ಪನ್ನು ಅದು ತೋರಿಸುತ್ತದೆ.

ಫೈಂಡ್‌ಎಂಎನ್‌ಟಿ ಇನ್ನೂ ಹೆಚ್ಚು ಉಪಯುಕ್ತವಾಗುವುದು ಮೌಂಟ್ ಆದ ಮೇಲೆ. ಗುರಿಯ ಫೋಲ್ಡರಿನ ಹೆಸರು ಕೊಟ್ಟರೆ ಆ ಕ್ಷಣ ಜಾರಿಯಲ್ಲಿರುವ ಆಪ್ಷನ್‌ಗಳನ್ನು ಪಟ್ಟಿ ಮಾಡುತ್ತದೆ. ನೀವು ಏನು ಟೈಪ್ ಮಾಡಿದಿರಿ ಎಂಬುದಕ್ಕಿಂತ ಕರ್ನಲ್ ಏನು ಒಪ್ಪಿಕೊಂಡಿತು ಎಂಬುದು ಮುಖ್ಯ. ಅಪರೂಪದ ರೆಕಾರ್ಡಿಂಗುಗಳಿರುವ ಫೋಲ್ಡರಿನಲ್ಲಿ ಆರ್‌ಒ ಕಾಣುವವರೆಗೂ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಸರ್ವರಿನ ಕಡೆಯೂ ಆ ಬಳಕೆದಾರರಿಗೆ ಬರೆಯುವ ಅನುಮತಿ ಕೊಡದಿದ್ದರೆ ಇನ್ನೂ ಒಳ್ಳೆಯದು. ಆಗ ಕಮಾಂಡಿನಲ್ಲಿ ಆದ ತಪ್ಪಿಗೆ ಫೈಲುಗಳು ಬಲಿಯಾಗುವುದಿಲ್ಲ.

ಘಟ್ಟದ ಬದಿಯ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಹೋಗಿಬರುವುದುಂಟು. ಎಸ್‌ಎಸ್‌ಎಚ್‌ಎಫ್‌ಎಸ್‌ಗೆ ರಿಕನೆಕ್ಟ್ ಜೊತೆಗೆ ಸರ್ವರ್‌ಅಲೈವ್‌ಇಂಟರ್ವಲ್=15 ಕೊಟ್ಟಿರಿ; ಸರ್ವರ್ ಬದುಕಿದೆಯೇ ಎಂದು 15 ಸೆಕೆಂಡಿಗೊಮ್ಮೆ ಕೇಳಿ ನೋಡುತ್ತದೆ, ಸಂಪರ್ಕ ಸತ್ತಿದ್ದರೆ ಮತ್ತೆ ಕೂಡಿಸುತ್ತದೆ. ಈ ಹೆಸರಿನಲ್ಲಿ ಸರ್ವರ್, ಅಲೈವ್, ಇಂಟರ್ವಲ್ ಪದಗಳ ಮೊದಲಕ್ಷರ ದೊಡ್ಡದು.

ಕೆಲಸ ಮುಗಿದ ಮೇಲೆ ಬಿಚ್ಚಲು ಫ್ಯೂಸರ್‌ಮೌಂಟ್ -ಯು ಎಂದು ಬರೆದು ಗುರಿಯ ಫೋಲ್ಡರ್ ಹೆಸರು ಕೊಡಿ. ಹೊಸ ವ್ಯವಸ್ಥೆಗಳಲ್ಲಿ ಇದರ ಹೆಸರು ಫ್ಯೂಸರ್‌ಮೌಂಟ್3. ಎನ್‌ಎಫ್‌ಎಸ್, ಸಿಐಎಫ್‌ಎಸ್‌ಗೆ ಯುಮೌಂಟ್. ಯು ಆದ ಮೇಲೆ ಎನ್ ಅಕ್ಷರ ಇಲ್ಲ ಎಂಬುದನ್ನು ಗಮನಿಸಿ. ಇಲ್ಲಿಯೂ ಮೂಲ ಹೇಳದೆ ಗುರಿಯನ್ನೇ ಹೇಳಿ, ಏಕೆಂದರೆ ಒಂದೇ ಮೂಲ ಎರಡು ಕಡೆ ಮೌಂಟ್ ಆಗಿರಬಹುದು. ಫೋಲ್ಡರ್ ಬಳಕೆಯಲ್ಲಿದೆ ಎಂದು ನಿರಾಕರಿಸಿದರೆ, ಟರ್ಮಿನಲ್ ಅದೇ ಫೋಲ್ಡರಿನೊಳಗೆ ನಿಂತಿರುತ್ತದೆ ಅಥವಾ ಯಾವುದೋ ಹಾಡು ಇನ್ನೂ ಓಡುತ್ತಿರುತ್ತದೆ. ಹೊರಗೆ ಬಂದು ಮತ್ತೆ ಕೊಡಿ. ಸಂಪರ್ಕ ಸತ್ತು ಫೋಲ್ಡರ್ ಮರಗಟ್ಟಿದ್ದರೆ ಮಾತ್ರ ಫ್ಯೂಸರ್‌ಮೌಂಟ್‌ನ -ಯು ಜೊತೆಗೆ -ಜಡ್ ಸೇರಿಸಿ. ಅದು ಫೋಲ್ಡರನ್ನು ಆಗಲೇ ಕಣ್ಣಿಂದ ಮರೆ ಮಾಡಿ, ಬಳಸುತ್ತಿದ್ದ ಪ್ರೋಗ್ರಾಂ ಬಿಟ್ಟ ಮೇಲೆ ಪೂರ್ತಿ ಬಿಚ್ಚುತ್ತದೆ.